ಖಾರದ ಕೆಮ್ಮು

ನಿನ್ನೆ ಇಡೀ ದಿನ ಮಾಳಿಗೆಯ ಮೇಲೆ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸಿದೆ. ಇವತ್ತು ಬರೆಯಲು ಕುಳಿತರೂ ಬೆರಳ ತುದಿ ಇನ್ನೂ ಉರಿಯುತ್ತಿದೆ. ಮರೆತು ಕಣ್ಣು ಮುಟ್ಟಿಕೊಂಡು ಒಂದು ಸುತ್ತು ಅತ್ತೂ ಆಯಿತು. ಅಳುವುದಕ್ಕೆ ಬೇರೆ ಕಾರಣವೇನೂ ಇಲ್ಲ, ಗಾಬರಿಯಾಗಬೇಡಿ.

ನಮ್ಮ ಆಳಂದದಲ್ಲಿ ಶಿವರಾತ್ರಿ ಮುಗಿದು ಉಗಾದಿ ಬರುವವರೆಗೆ ಖಾರದ ಕಾಲ. ವರ್ಷಕ್ಕೆ ಸಾಲುವಷ್ಟು ಮಸಾಲೆ ಖಾರವನ್ನು ಆಗಲೇ ಕುಟ್ಟಿಸಿಟ್ಟುಕೊಳ್ಳಬೇಕು. ಬಸ್ ಸ್ಟ್ಯಾಂಡಿನ ಹತ್ತಿರ ಖಾರದ ಗಿರಣಿ ಇದೆ, ಅರ್ಧ ಗಂಟೆಯ ಕೆಲಸ. ಆದರೆ ನಮ್ಮ ಅತ್ತೆ ಇರುವವರೆಗೂ ಗಿರಣಿಯ ಖಾರವನ್ನು ಹೊಸ್ತಿಲು ದಾಟಿಸಲಿಲ್ಲ. ಯಂತ್ರದ ಕಾವಿಗೆ ಖಾರ ಸುಟ್ಟು ಬರೀ ಬಣ್ಣ ಉಳಿಯುತ್ತದೆ ಎಂಬುದು ಅವರ ತೀರ್ಪು. ಹಾಗಾಗಿ ನಮ್ಮ ಚೀಲ ಪ್ರತಿವರ್ಷವೂ ಹೋಗುವುದು ಓಣಿಯ ಕೊನೆಯ ಮನೆಗೆ, ಮಹಬೂಬಿಯ ಒರಳಿಗೆ.

ಮಹಬೂಬಿ ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಗಂಡ ಖಜೂರಿಯ ರಸ್ತೆಯಲ್ಲಿ ಲಾರಿಗಳಿಗೆ ಪಂಕ್ಚರ್ ಹಾಕಿಕೊಂಡು ಅಲ್ಲೇ ಇರುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ. ಮನೆಯಲ್ಲಿ ಅವಳು ಮತ್ತು ಮಗಳು ಶಬಾನಾ. ಮಗಳ ಜೊತೆ ಉರ್ದು, ನಮ್ಮ ಜೊತೆ ಕನ್ನಡ, ಒನಕೆಯ ಜೊತೆ ಎರಡೂ ಮಾತಾಡುತ್ತಾಳೆ. ಕುಟ್ಟುವುದು ಒಂದು ಸಣ್ಣ ಕೋಣೆಯಲ್ಲಿ. ಮಣ್ಣಿನ ಮಾಳಿಗೆ, ಒಂದು ಬಾಗಿಲು, ಮೇಲೊಂದು ಬೆಳಕಿಂಡಿ. ಪಕ್ಕದ ಮನೆಯ ಮಾಸ್ತರರು ಒಮ್ಮೆ ಖಾರದ ಘಾಟಿಗೆ ಊಟ ಬಿಟ್ಟು ಎದ್ದು ಬಂದು ಬೇಸರಪಟ್ಟುಕೊಂಡರು. ಅಂದಿನಿಂದ ಅವಳು ಒನಕೆ ಹಿಡಿಯುವ ಮೊದಲು ಬಾಗಿಲು ಹಾಕಿ, ಬೆಳಕಿಂಡಿಯ ಮೇಲೆ ಫರಸಿ ಕಲ್ಲು ಎಳೆಸಿಬಿಡುತ್ತಿದ್ದಳು. ಒಳಗೆ ತಾಯಿ ಕುಟ್ಟುವುದು, ಮಗಳು ಸಾಣಿಗೆಯಲ್ಲಿ ಪುಡಿ ಸೋಸುವುದು. ಹೊರಗೆ ಕಟ್ಟೆಯ ಮೇಲೆ ತಂಪಾಗಿ ಕುಳಿತ ನಾವು, ಎಂಥ ತಿಳಿವಳಿಕೆಯ ಹೆಣ್ಣುಮಗಳಪ್ಪಾ ಎಂದು ಹೊಗಳುತ್ತಿದ್ದೆವು.

ಇಲ್ಲಿ ಕೆಮ್ಮಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಓಣಿಯಲ್ಲಿ ಕೆಮ್ಮಿಗೆ ಬಹಳ ಕೆಲಸ. ಹಿರಿಯ ಗಂಡಸರು ಒಳಗೆ ಬರುವ ಮುನ್ನ ಬಾಗಿಲಲ್ಲಿ ಕೆಮ್ಮುತ್ತಾರೆ. ಸೊಸೆಯಂದಿರು ಸೆರಗು ಸರಿಮಾಡಿಕೊಳ್ಳಲಿ ಎಂದು. ನಮ್ಮ ಮನೆಯವರು ಚಹಾ ತಡವಾದರೆ ಕೆಮ್ಮುತ್ತಾರೆ. ನಾನೋ ಓಣಿಗೆಲ್ಲ ಕೆಮ್ಮಿನ ವೈದ್ಯೆ. ಅಜವಾನ, ಬೆಲ್ಲ, ಮೆಣಸು ಕುದಿಸಿ ಲೋಟಕ್ಕೆ ಹಾಕಿ ಕೊಡುತ್ತಿದ್ದೆ. ಕೆಮ್ಮು ತಾನಾಗಿ ಹೋದರೆ ಕೀರ್ತಿ ನನಗೆ, ಹೋಗದಿದ್ದರೆ ತಪ್ಪು ರೋಗಿಯ ಪಥ್ಯದ್ದು.

ಮಹಬೂಬಿಯ ಕೆಮ್ಮಿಗೂ ನನ್ನ ಲೋಟ ಹೋಗುತ್ತಿತ್ತು. ಆದರೆ ಅವಳ ಕೆಮ್ಮನ್ನು ಯಾರೂ ಕಾಯಿಲೆ ಎಂದುಕೊಂಡಿರಲಿಲ್ಲ, ಅವಳೂ ಸಹ. ಖಾರ ಕುಟ್ಟುವವಳು ಕೆಮ್ಮದೆ ಇರುತ್ತಾಳೆಯೇ? ಅದು ಅವಳ ಕಸುಬಿನ ಸದ್ದು, ಒನಕೆಯ ಸದ್ದಿನ ಹಾಗೆ.

ಶ್ರಾವಣ ಬಂತು. ಒರಳಿನ ಮೇಲೆ ಗೋಣಿಚೀಲ ಹೊದಿಸಿ ತಿಂಗಳುಗಳಾಗಿದ್ದವು. ಒಂದು ಮಧ್ಯಾಹ್ನ ಅವಳು ನಮ್ಮಲ್ಲಿಗೆ ಹಾಲಿಗೆ ಹೆಪ್ಪು ಕೇಳಲು ಬಂದಳು. ಕೇಳುವ ಮೊದಲೇ ಕೆಮ್ಮು ಹತ್ತಿ, ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು. ಕುಪ್ಪಸದ ತೋಳು ಸಡಿಲಾಗಿ ಜೋತಾಡುತ್ತಿತ್ತು. ನಾನು ಅಜವಾನದ ಡಬ್ಬಿಗೆ ಕೈ ಹಾಕಿದೆ. ಬತ್ತಿ ಹೊಸೆಯುತ್ತಿದ್ದ ಅತ್ತೆ ತಲೆ ಎತ್ತಿದರು.

“ಯಾಕ ಬೇ, ಖಾರ ಮುಗದು ಮಳಿ ಬಂತು. ನಿನ್ನ ಕೆಮ್ಮಿಗಿ ಇನ್ನಾ ಉಗಾದಿ ಮುಗದಿಲ್ಲೇನ?”

ಮಹಬೂಬಿ ನಕ್ಕಳು. ಅತ್ತೆ ನಗಲಿಲ್ಲ. ರಾತ್ರಿ ಬೆವರುತ್ತದೆಯೇ, ಊಟ ಸೇರುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ಕೊನೆಗೆ, ನಾಳೆ ಸರ್ಕಾರಿ ದವಾಖಾನೆಗೆ ಹೋಗಿ ಕಫ ಕೊಟ್ಟು ಬಾ ಎಂದರು. ಮಹಬೂಬಿಯ ನಗು ನಿಂತಿತು. ಹೊಸ್ತಿಲಲ್ಲೇ ಕುಳಿತುಬಿಟ್ಟಳು. ಅಂದರೆ, ಅನುಮಾನ ಅವಳಿಗೂ ಇತ್ತು.

“ಆಯಿ, ಅದೇ ಅದ ಅಂದ್ರ ನನ್ನ ಕೈ ಖಾರ ಯಾರು ತಿಂತಾರ್ರಿ?”

ಅವಳು ಕೇಳಿದ್ದು ನಿಜವಾದ ಪ್ರಶ್ನೆ. ಗಂಡನ ದುಡಿಮೆ ಟೈರಿನ ಗಾಳಿಯಂತೆ, ಇದ್ದರೆ ಇತ್ತು. ಮನೆ ನಿಂತಿದ್ದುದೇ ಆ ಒರಳಿನ ಮೇಲೆ. ಅತ್ತೆ, ಮೊದಲು ನೀನು ಉಳಿ, ತಿನ್ನುವವರನ್ನು ಆಮೇಲೆ ನೋಡೋಣ ಎಂದರು.

ಟೀಬಿಯೇ ಆಗಿತ್ತು. ಓಣಿಯ ಆಶಾ ಕಾರ್ಯಕರ್ತೆ ಸುನಂದಾ ಗುಳಿಗೆ ತಂದುಕೊಡುತ್ತ, ಆರು ತಿಂಗಳು ಒಂದು ದಿನವೂ ತಪ್ಪಿಸಬಾರದೆಂದು ಹೇಳಿ ಹೋದಳು. ಶಬಾನಾಳನ್ನೂ ಪರೀಕ್ಷೆ ಮಾಡಿಸಿದರು, ಅವಳಿಗೇನೂ ಇರಲಿಲ್ಲ. ಗುಳಿಗೆ ಶುರುವಾದ ಮರುದಿನವೇ ಮಹಬೂಬಿ ಓಡಿ ಬಂದು, ಒಂದಕ್ಕೆ ಹೋದರೆ ಕೆಂಪಗೆ ಹೋಗುತ್ತಿದೆ, ಇಷ್ಟು ವರ್ಷ ಕುಟ್ಟಿದ ಖಾರವೆಲ್ಲ ಇಳಿಯುತ್ತಿದೆ ಎಂದು ನನ್ನ ಕಿವಿಯಲ್ಲಿ ಹೇಳಿದಳು. ನಾನೂ ನಂಬಿದ್ದೆ. ಅದು ಗುಳಿಗೆಯ ಬಣ್ಣವೆಂದು ಸುನಂದಾ ಹೇಳಿ ನಮ್ಮಿಬ್ಬರನ್ನೂ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಾವು ಓಣಿಯ ಗೆಳತಿಯರು ತಿಳಿದವರ ಹಾಗೆ ಅವಳ ಕಪ್ಪು-ಬಸಿ ಬೇರೆ ಇಡುವ ಯೋಚನೆಯಲ್ಲಿದ್ದೆವು. ಸುನಂದಾ ಬೈದಳು. ಇದು ತಾಟಿನಿಂದಲೂ ಬರುವುದಿಲ್ಲ, ಖಾರದಿಂದಲೂ ಬರುವುದಿಲ್ಲ. ಕೆಮ್ಮಿದಾಗ ಗಾಳಿಯಲ್ಲಿ ಬರುತ್ತದೆ, ಮುಚ್ಚಿದ ಕೋಣೆಯಲ್ಲಿ ಹೆಚ್ಚು ಬರುತ್ತದೆ. ಬಾಗಿಲು ತೆಗೆಯಿರಿ, ಬೆಳಕಿಂಡಿ ತೆಗೆಯಿರಿ ಎಂದಳು. ನಾವು ಇಷ್ಟು ವರ್ಷ ಹೊಗಳಿದ್ದು ಯಾವುದನ್ನು ಎಂದು ಆಗ ನೆನಪಾಯಿತು.

ಗುಳಿಗೆ ಮುಗಿಯಿತು, ಪರೀಕ್ಷೆಯಲ್ಲಿ ರೋಗ ಹೋಗಿದೆ ಎಂದು ಬಂತು, ಶಿವರಾತ್ರಿಯೂ ಬಂತು. ಮಹಬೂಬಿ ಒರಳು ತೊಳೆದಿಟ್ಟು ಕಾದಳು. ಚೀಲಗಳು ಅವಳ ಮನೆ ದಾಟಿ ಬಸ್ ಸ್ಟ್ಯಾಂಡಿನ ಕಡೆ ಹೋದವು. ಕೇಳಿದರೆ, ಈ ಸಲ ಅವಸರವಿತ್ತು, ಅಷ್ಟೇ ಎಂದರು. ಅತ್ತೆ ಎರಡು ದಿನ ನೋಡಿದರು. ಮೂರನೆಯ ದಿನ, ಹನ್ನೆರಡರ ಬಿಸಿಲಿನಲ್ಲಿ, ನನಗೆ ಕೊಡದೆ ಚೀಲವನ್ನು ತಾವೇ ಸೊಂಟದ ಮೇಲಿಟ್ಟುಕೊಂಡು, ಓಣಿಯ ನಟ್ಟನಡುವೆ ನಡೆದುಹೋದರು. ಬೆಳಕಿಂಡಿಯ ಮೇಲಿನ ಫರಸಿ ಕಲ್ಲು ತೆಗೆಸಿದರು. ಬಾಗಿಲು ಹಾಕಲು ಬಂದ ಮಹಬೂಬಿಯನ್ನು ತಡೆದು, ತೆರೆದ ಬಾಗಿಲಲ್ಲೇ ಮಣೆ ಹಾಕಿಸಿಕೊಂಡು ಕುಳಿತರು.

ಒನಕೆ ಬಿತ್ತು. ಘಾಟು ಓಣಿಗೆಲ್ಲ ನುಗ್ಗಿತು. ಆ ತುದಿಯಿಂದ ಈ ತುದಿಯವರೆಗೆ ಸೀನು, ಕೆಮ್ಮು, ಮಕ್ಕಳ ಕಿರುಚಾಟ. ಮಾಸ್ತರರು ಮೂಗಿಗೆ ಟವೆಲ್ ಹಿಡಿದು ಬಂದು, ಬಾಗಿಲಾದರೂ ಹಾಕಬಾರದೇ ಎಂದರು. ಅತ್ತೆ ಕಣ್ಣೊರೆಸಿಕೊಂಡು ಹೇಳಿದರು:

“ಮಾಸ್ತರ, ನೀವೂ ಒಂದೀಟು ಕೆಮ್ಮ್ರಿ. ಇಷ್ಟ್ ವರ್ಷ ಎಲ್ಲಾರ ಪಾಲಿಂದು ಅಕಿ ಒಬ್ಬಾಕಿನೇ ಕೆಮ್ಯಾಳ.”

ಮಾಸ್ತರರು ಕೆಮ್ಮುತ್ತ ತಮ್ಮ ಮನೆಯೊಳಗೆ ಹೋದರು. ಮರುದಿನ ಅವರ ಮನೆಯ ಚೀಲ ಬಂತು. ಹಿಂದೆಯೇ ಬೇರೆಯವೂ ಬಂದವು, ಎಲ್ಲವೂ ಅಲ್ಲ.

ಅತ್ತೆ ಈಗಿಲ್ಲ. ಇವತ್ತು ಬೆಳಿಗ್ಗೆ ಚೀಲ ಒಯ್ದದ್ದು ನಾನೇ. ಕಟ್ಟೆಯ ಮೇಲೆ ಆರೇಳು ಮಂದಿ ಸರದಿಗೆ ಕುಳಿತಿದ್ದರು, ಎಲ್ಲರಿಗೂ ಕೆಮ್ಮು. ನನ್ನ ಪಕ್ಕದಲ್ಲಿ ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಿಂದ ಬಂದ ಒಬ್ಬ ಹೆಣ್ಣುಮಗಳು, ವಯಸ್ಸು ಮೂವತ್ತರ ಆಚೀಚೆ. ಮಹಬೂಬಿ ಒನಕೆ ನಿಲ್ಲಿಸಿ, ಆದರೂ ನಿಲ್ಲದ ಅವಳ ಕೆಮ್ಮನ್ನು ಆಲಿಸಿದಳು. ಎಷ್ಟು ದಿನದಿಂದ ಇದೆ ಎಂದು ಕೇಳಿದಳು.

“ರಾಶಿ ಮಾಡೂ ಟೈಮಿನಿಂದ ಅದರಿ. ತೊಗರಿ ಧೂಳಂತ.”

“ನನಗ ಖಾರ ಅಂದಿದ್ರು. ಟೀಬಿ ಇತ್ತು.”

ಅಷ್ಟು ಜನರ ಮುಂದೆ, ಇವತ್ತು ಅಡುಗೆ ಏನು ಎಂದು ಹೇಳುವ ದನಿಯಲ್ಲಿ ಹೇಳಿದಳು. ಹೊಸ ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಹೆಣ್ಣುಮಗಳ ಕೈ ತನ್ನ ಚೀಲದ ಬಾಯಿಗೆ ಹೋಯಿತು. ಮಹಬೂಬಿಗೆ ಎಲ್ಲವೂ ಕಂಡಿತು.

“ಒಯ್ಯೂದಾದ್ರ ಒಯ್ಯಿ ಬೇ, ಸಿಟ್ಟಿಲ್ಲ. ಆದ್ರ ಬಸ್ ಹತ್ತೂಕಿಂತ ಮೊದಲ ದವಾಖಾನಿಗಿ ಹೋಗು. ಬಿಟ್ಟು ಹೋದ್ರ, ನೀ ಬರೂದ್ರಾಗ ಕುಟ್ಟಿಟ್ಟಿರ್ತೇನಿ.”

ಆ ಹೆಣ್ಣುಮಗಳು ಚೀಲದ ಬಾಯಿ ಕಟ್ಟಿದಳು. ನಂತರ ಎದ್ದು, ಅದನ್ನು ಸರದಿಯಲ್ಲಿಟ್ಟಳು. ದವಾಖಾನೆ ಯಾವ ಕಡೆ ಎಂದು ನನ್ನನ್ನು ಕೇಳಿದಳು. ಅಜವಾನದ ಮಾತೆತ್ತದೆ ನಾನು ಚಪ್ಪಲಿ ಮೆಟ್ಟಿಕೊಂಡೆ.

ಓಣಿ ದಾಟುವಾಗ ಅವಳು ತಗ್ಗಿದ ದನಿಯಲ್ಲಿ, “ಅಕ್ಕಾರ, ಅಕಿಗಿ ಖರೇನೇ ಇತ್ತೇನ್ರಿ?” ಎಂದಳು.

ಹೌದು ಎಂದೆ. ಅವಳು ಹಿಂತಿರುಗಿ, ತೆರೆದ ಬಾಗಿಲಲ್ಲಿ ಒನಕೆ ಮೇಲೇರಿ ಇಳಿಯುವುದನ್ನು ನೋಡಿದಳು. ದಾರಿ ತೋರಿಸಬೇಕಾದ ನನ್ನನ್ನೇ ಹಿಂದೆ ಹಾಕಿ ನಡೆಯತೊಡಗಿದಳು.