ನಂದಿಯ ಗುಡಿಯಲ್ಲಿ ಕಣ್ಣು ಮುಚ್ಚಿದ್ದು

ತೃಪ್ತಿ, ನೆಮ್ಮದಿ ಅಂತ ಯಾರಾದರೂ ಉಪದೇಶ ಶುರು ಮಾಡಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನೆಮ್ಮದಿ ಕಾಣದವಳಲ್ಲ ನಾನು. ಒಂದು ದಿನ ಬೆಳಿಗ್ಗೆಯಿಂದ ಮಧ್ಯಾಹ್ನದ ಊಟದವರೆಗೆ ಅದನ್ನು ಹೊಟ್ಟೆತುಂಬ ಉಂಡಿದ್ದೇನೆ. ಯಾತಕ್ಕಾಗಿ ಬಡಿಸಿದ್ದರು ಅನ್ನುವುದು ಗೊತ್ತಾದದ್ದು ಆಮೇಲೆ.

ಅರವತ್ತರ ದಶಕದ ಶುರು ಅದು. ನಮ್ಮದು ಯಲಹಂಕ, ಅಪ್ಪನಿಗೆ ಕೆರೆಯ ಕೆಳಗೆ ತರಕಾರಿ ತೋಟ. ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ನಮ್ಮ ಮನೆತನದಲ್ಲಿ ಅಷ್ಟು ಓದಿದ ಹೆಣ್ಣು ನಾನೇ ಮೊದಲು. ಹಿಂದಿನ ಬೀದಿಯ ಗೆಳತಿಯೂ ಪಾಸು. ಇಬ್ಬರಿಗೂ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ಒಟ್ಟಿಗೆ ಕಲಿತು ಒಂದೇ ಸ್ಕೂಲಿನಲ್ಲಿ ಪಾಠ ಹೇಳುವುದೆಂದು ತೀರ್ಮಾನವೂ ಆಗಿತ್ತು. ಯಾರಿಗೆ ಯಾವ ಕ್ಲಾಸು ಅನ್ನುವುದೊಂದೇ ಜಗಳ. ಅಪ್ಪ ಬಹಳ ದಿನ ಮೀಸೆ ತಿರುವಿಕೊಂಡು ಯೋಚಿಸಿ ಕೊನೆಗೆ "ಆಯ್ತು, ಸೇರ್ಕೊ" ಅಂದರು. ಆ ಮಾತಿಗೆ ನಾನು ಅವರ ಕಾಲಿಗೆ ಬಿದ್ದಿದ್ದೆ.

ಅದಾದ ಸ್ವಲ್ಪ ದಿನಕ್ಕೆ ಅಮ್ಮ ಹೇಳಿದರು, "ಪಾಸಾಗಿದ್ದೀಯ, ದೇವ್ರಿಗೆ ಕೈ ಮುಗಿದು ಬರೋಣ. ನಂದಿಗೆ ಹೋಗಿ ಗುಡಿ ನೋಡ್ಕೊಂಡು ಬೆಟ್ಟ ಹತ್ತೋಣ. ನಿನ್ನ ಗೆಳತೀನೂ ಕರಿ." ನಮ್ಮ ಮನೆಯಲ್ಲಿ ಯಾರೂ ಸುಮ್ಮನೆ ಎಲ್ಲಿಗೂ ಹೋದವರಲ್ಲ. ನನಗೋಸ್ಕರ ಮನೆಮಂದಿಯೆಲ್ಲ ರೈಲು ಹತ್ತುತ್ತಾರೆಂದರೆ ನಾನು ನೆಲದ ಮೇಲೆ ನಿಲ್ಲಲಿಲ್ಲ.

ಅವತ್ತು ನಸುಕಿಗೇ ಗೆಳತಿ ಬಂದಳು. ತನ್ನ ಒಳ್ಳೆಯ ಸೀರೆ ತಂದಿದ್ದಳು, ಮಾವಿನ ಚಿಗುರಿನ ಬಣ್ಣದ್ದು. "ನಂಗಿಂತ ನಿಂಗೇ ಒಪ್ಪತ್ತೆ ಕಣೇ" ಅಂತ ತಾನೇ ಉಡಿಸಿದಳು. ಜಡೆ ಹೆಣೆದು ಮಲ್ಲಿಗೆ ಮುಡಿಸಿದಳು. ಬೆಟ್ಟ ಹತ್ತಲು ಇಷ್ಟೆಲ್ಲ ಯಾಕೆ ಅಂದರೆ ನಕ್ಕಳು. ಅಮ್ಮ ಹೋಳಿಗೆ, ಚಿತ್ರಾನ್ನ, ಕೋಸಂಬರಿ ಅಂತ ಒಂದು ಮದುವೆಗಾಗುವಷ್ಟು ಕಟ್ಟಿದ್ದರು. ಅದಕ್ಕೂ ನಾನೇ ಗೇಲಿ ಮಾಡಿದೆ.

ಚಿಕ್ಕಬಳ್ಳಾಪುರದ ಪುಟ್ಟ ರೈಲು ದಿನಾ ನಮ್ಮ ತೋಟದ ಹತ್ತಿರ ಕೂಗಿಕೊಂಡು ಹೋಗುತ್ತಿತ್ತು. ನಾನು ಹತ್ತಿದ್ದು ಅವತ್ತೇ. ಇಳಿದು ಜೊತೆಗೆ ನಡೆದರೂ ಹಿಂದೆ ಬೀಳದಷ್ಟು ನಿಧಾನ ಅದು. ಕಣ್ಣಿಗೆ ಇದ್ದಿಲ ಪುಡಿ ಬಿದ್ದರೂ ಕಿಟಕಿ ಬಿಡಲಿಲ್ಲ. ದೇವನಹಳ್ಳಿ ದಾಟಿ ನಂದಿಬೆಟ್ಟ ಹತ್ತಿರವಾದಾಗ ಅಪ್ಪ ನನ್ನ ತಲೆ ಸವರಿದರು. ದೊಡ್ಡವಳಾದ ಮೇಲೆ ಅವರು ನನ್ನ ತಲೆ ಮುಟ್ಟಿದ್ದು ನನಗೆ ನೆನಪಿಲ್ಲ.

ಬೆಟ್ಟದ ಬುಡದಲ್ಲಿ ಭೋಗನಂದೀಶ್ವರನ ಗುಡಿ. ಒಳಗೆ ತಣ್ಣಗಿತ್ತು. ಮಂಗಳಾರತಿಯಾಗುವಾಗ ಕಣ್ಣು ಮುಚ್ಚಿ ಕೈ ಮುಗಿದು ನಿಂತೆ. ಏನನ್ನೂ ಬೇಡಲಿಲ್ಲ. ಬರೀ ಕೊಟ್ಟದ್ದಕ್ಕೆ ಥ್ಯಾಂಕ್ಸ್ ಹೇಳಿದೆ, ಅದೂ ಮುಗಿಯಲೇ ಇಲ್ಲ. ಪೂಜಾರಿ ತಟ್ಟೆ ಹಿಡಿದು ಕಾದಿದ್ದರಂತೆ.

ಕಣ್ಣು ಬಿಟ್ಟಾಗ ಯಾರೋ ಹಿರಿಯ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಹೊರಗೆ ಬಂದು ನನ್ನ ಜಡೆ ಹಿಡಿದು ನೋಡಿ "ನಿಂದೇ ಏನವ್ವಾ?" ಅಂದಳು. ಕಲ್ಯಾಣಿಯಿಂದ ಒಂದು ಚೊಂಬು ನೀರು ತಂದುಕೊಡು ಅಂದಳು. ಪಾಪ, ವಯಸ್ಸಾದವರು, ಮೆಟ್ಟಿಲಿಳಿಯಲು ಆಗಲ್ಲವೇನೋ ಅಂತ ಖುಷಿಯಾಗಿ ತಂದುಕೊಟ್ಟೆ. ಹೋಗುವಾಗ ಬರುವಾಗ ನನ್ನ ನಡಿಗೆ ನೋಡುತ್ತಿದ್ದಳು ಅಂತ ನನಗೇನು ಗೊತ್ತು?

ಊಟಕ್ಕೆ ಕೂತೆವು. ಆ ಹೆಂಗಸೂ, ಅವಳ ಕಡೆಯವರೂ ನಮ್ಮ ಪಂಕ್ತಿಯಲ್ಲೇ ಬಂದು ಕೂತರು. ಅವರಿಗೂ ಎಲೆ ಹಾಕಿತ್ತು. ನನ್ನ ಎದುರಿಗೆ ತಲೆ ಬಗ್ಗಿಸಿಕೊಂಡು ಒಬ್ಬ ಗಂಡಸು. ಅಮ್ಮ ಮೊದಲ ಹೋಳಿಗೆ ಅವನಿಗೆ ಬಡಿಸಿ, ಮೇಲೆ ತುಪ್ಪ ಸುರಿದರು. ನಾನು ಗಾಬರಿಯಿಂದ ಗೆಳತಿಯ ಕಡೆ ನೋಡಿದೆ. ಅವಳಿಗೆ ಆಶ್ಚರ್ಯವೇ ಆಗಿರಲಿಲ್ಲ. ಎಲೆಯ ತುದಿಯ ಉಪ್ಪನ್ನು ಬೆರಳಲ್ಲಿ ಕದಡುತ್ತ ಕೂತಿದ್ದಳು. ಆಗ ನನಗೆ ಎಲ್ಲ ಅರ್ಥವಾಯಿತು.

ಬೆಟ್ಟ ಹತ್ತಲಿಲ್ಲ, ಹೊತ್ತಾಯಿತಂತೆ. ವಾಪಸ್ ರೈಲಿನಲ್ಲಿ ಅಪ್ಪ ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದರು, "ಕೆಂಪಾಪುರದೋರು. ದ್ರಾಕ್ಷಿ ತೋಟ ಇದೆ. ಒಳ್ಳೇ ಮನೆ ಕಣಮ್ಮ, ಒಪ್ಕೊಂಡಿದ್ದಾರೆ."

"ಟ್ರೈನಿಂಗು?" ಅಂದೆ.

"ಆ ವಿಷ್ಯ ಅವ್ರಿಗೆ ಹೇಳಿಲ್ಲ, ನೀನೂ ಎತ್ಬೇಡ. ಕೆಲ್ಸಕ್ಕೆ ಹೋಗೋ ಹುಡ್ಗಿ ಅಂದ್ರೆ ಹಿಂದೇಟು ಹಾಕ್ತಾರೆ."

ಗೆಳತಿ ನನ್ನ ಕೈ ಹಿಡಿಯಲು ಬಂದಳು, ಕೊಡವಿದೆ. "ಹೇಳಿದ್ರೆ ಮುಖ ಗಂಟು ಹಾಕ್ಕೊಂಡು ಬರ್ತಿದ್ದೆ ಕಣೇ. ನಿಮ್ಮಮ್ಮ ಆಣೆ ಹಾಕಿಸ್ಕೊಂಡ್ರು" ಅಂತ ಅತ್ತಳು. ಅತ್ತರೇನು? ಆ ಸೀರೆ ಇನ್ನೂ ನನ್ನ ಮೈಮೇಲೆಯೇ ಇತ್ತು. ಸ್ಟೇಷನ್ನಿನಲ್ಲೇ ಕಿತ್ತೆಸೆಯಬೇಕು ಅನ್ನಿಸಿತ್ತು.

ಟ್ರೈನಿಂಗಿಗೆ ಅವಳೊಬ್ಬಳೇ ಸೇರಿದಳು. ನಾನು ಕೆಂಪಾಪುರದ ಸೊಸೆಯಾದೆ.

ಸುಳ್ಳು ಹೇಳಬಾರದು, ಗಂಡ ಒಳ್ಳೆಯವರು. ಎದುರು ಕೂತು ತಲೆ ಬಗ್ಗಿಸಿದ್ದೂ ನಾಚಿಕೆಗೇ. ಸಂಜೆ ಹೆಬ್ಬಾಳದ ಕೆರೆ ಏರಿಯ ಮೇಲೆ ಇಬ್ಬರೂ ನಡೆಯುತ್ತಿದ್ದೆವು. ನನ್ನ ಮಗಳು ಹುಟ್ಟಿದ್ದು, ಚಪ್ಪರದ ತುಂಬ ಕಪ್ಪು ದ್ರಾಕ್ಷಿ ಇಳಿಬಿದ್ದಿದ್ದು, ಇವೆಲ್ಲ ಸುಖವೇ. ಅದನ್ನು ನಾನು ಕಣ್ಣು ಬಿಟ್ಟುಕೊಂಡು ಒಂದೊಂದಾಗಿ ಸಂಪಾದಿಸಿದೆ. ಆದರೆ ಗುಡಿಯಲ್ಲಿ ಕಣ್ಣು ಮುಚ್ಚುವುದನ್ನು ಮಾತ್ರ ಬಿಟ್ಟುಬಿಟ್ಟೆ. ತವರಿಗೆ ಹೋದಾಗ ಗೆಳತಿ ನೋಡಲು ಬಂದರೆ ಬೆಳೆ ಬಗ್ಗೆ, ಬಿಸಿಲ ಬಗ್ಗೆ ಮಾತಾಡಿ ಕಳಿಸುತ್ತಿದ್ದೆ.

ಕೆಲವು ವರ್ಷ ಕಳೆಯಿತು. ಮೈದುನನಿಗೆ ಹೆಣ್ಣು ನೋಡುವುದಿತ್ತು. ಅಮೃತಹಳ್ಳಿಯಿಂದ ಹುಡುಗಿಯ ಅಪ್ಪ ಅಮ್ಮ ಮಾತುಕತೆಗೆ ಬಂದಿದ್ದರು. ಹುಡುಗಿ ಇನ್ನೂ ಸ್ಕೂಲಿಗೆ ಹೋಗುತ್ತಿದ್ದಾಳೆ, ಓದುವ ಹುಚ್ಚು ಅಂತ ತಾಯಿ ಸಂಕೋಚದಿಂದ ಹೇಳಿದರು. ನಾನು ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ಅಂದು ನಂದಿಯಲ್ಲಿ ನನ್ನ ಜಡೆ ಹಿಡಿದಿದ್ದ ಅದೇ ಹೆಂಗಸು, ನನ್ನ ಅತ್ತೆ, ಉತ್ಸಾಹದಿಂದ ಮುಂದೆ ಸರಿದರು. "ಮಗೀಗೆ ಏನೂ ಏಳ್ಬ್ಯಾಡಿ. ಸುಮ್ಕೆ ಗುಡಿಗೆ ಕರ್ಕೊಂಬನ್ನಿ. ಇವ್ಳನ್ನೂ ಅಂಗೇ ಅಲ್ವಾ ನಾವು ನೋಡಿದ್ದು? ಕಣ್ಮುಚ್ಕೊಂಡು ನಿಂತಿದ್ಲು. ಆ ಮೊಕದಾಗೆ ಎಂಥಾ ನೆಮ್ದಿ! ಅಲ್ಲೇ ನಂಗೆ ಗೊತ್ತಾಗೋಯ್ತು, ಇವ್ಳೇ ನಮ್ಮನೆ ಸೊಸೆ ಅಂತ." ಈ ಕಥೆಯನ್ನು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ಪ್ರತಿಸಲ ನಗುಮುಖ ಮಾಡುತ್ತಿದ್ದೆ. ಅವತ್ತು ಅವರೇ ನನ್ನ ಕಡೆ ತಿರುಗಿ, "ಅಲ್ಲ ಕಣವ್ವ, ಅವತ್ತು ಅಷ್ಟೊತ್ತು ದ್ಯಾವ್ರತಾವ ಏನ್ ಕೇಳ್ಕೊತಿದ್ದೆ?" ಅಂದರು.

ಕಾಫಿಯ ತಟ್ಟೆ ಕೆಳಗಿಟ್ಟೆ.

"ಕೇಳ್ಕೊಳ್ಳಿಲ್ಲ ಅತ್ತೆ. ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ನಮ್ಮಪ್ಪ ಅಮ್ಮ ನನ್ನ ಓದಿಸ್ತಾರಲ್ಲ, ಇಂಥೋರ ಹೊಟ್ಟೇಲಿ ಹುಟ್ಟಿಸಿದ್ಯಲ್ಲ, ಅಂತ ಥ್ಯಾಂಕ್ಸ್ ಹೇಳ್ತಿದ್ದೆ."

ಹುಡುಗಿಯ ತಾಯಿ ನನ್ನನ್ನೇ ನೋಡುತ್ತಿದ್ದರು. ಗಂಡ ಜಗುಲಿಯಿಂದ ಎದ್ದು ಒಳಗೆ ಬಂದು ನಿಂತರು. ಅತ್ತೆಯ ಮುಖ ಸಣ್ಣದಾಯಿತು. ಅವರು ಕೆಟ್ಟವರಲ್ಲ, ಈ ವಿಷಯ ಅವರ ಕಿವಿಗೆ ಬಿದ್ದದ್ದು ಆಗಲೇ.

"ಅಯ್ಯೋ, ಅಂಗಂತ ನಮ್ಗೆ ಯಾರೂ ಏಳ್ಲಿಲ್ವಲ್ಲವ್ವಾ" ಅಂದರು.

"ನಂಗೂ ಯಾರೂ ಹೇಳ್ಲಿಲ್ಲ" ಅಂದೆ.