ಅಕ್ಕ ಇಲ್ಲದ ಪುಸ್ತಕ

ಮೂರು ದಿನ ಬಿಡದೆ ಸುರಿದ ಮಳೆ ಇವತ್ತು ಬೆಳಿಗ್ಗೆ ನಿಂತು, ಬ್ರಹ್ಮಾವರದ ನಮ್ಮ ಅಂಗಳಕ್ಕೆ ಬಿಸಿಲು ಬಿತ್ತು. ಹತ್ತೇ ನಿಮಿಷದಲ್ಲಿ ಮೀನಿನ ವಾಸನೆ ಎದ್ದಿತು. ಮನೆಗೆ ಮೀನು ತಂದು ಎರಡು ದಿನವಾಗಿದೆ. ಇದು ಅಂಗಳದ ಮೂಲೆಯಲ್ಲಿ ನಿಂತ ಹಳೆಯ ಟೆಂಪೋದ ವಾಸನೆ. ನನ್ನ ಗಂಡ ಇಪ್ಪತ್ತು ವರ್ಷ ಗಂಗೊಳ್ಳಿ ಬಂದರಿನಿಂದ ಮೀನು ಸಾಗಿಸಿದ ಗಾಡಿ ಅದು. ಆಮೇಲೆ ಏಳು ವರ್ಷ ನಾವಿಬ್ಬರೂ ಅದರೊಳಗೇ ಸಂಸಾರ ಮಾಡಿಕೊಂಡು ದೇಶ ಸುತ್ತಿದೆವು. ಎಷ್ಟು ತೊಳೆದರೂ, ಎಷ್ಟು ಸಲ ಬಣ್ಣ ಬಳಿದರೂ ಬಂಗುಡೆಗಳು ಅದನ್ನು ನಮಗೆ ಪೂರ್ತಿ ಬಿಟ್ಟುಕೊಟ್ಟಿಲ್ಲ.

ಹೊರಟದ್ದು ಹೇಗೆಂದು ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ನಾನು ಪ್ರಾಥಮಿಕ ಶಾಲೆಯ ಟೀಚರ್ ಕೆಲಸದಿಂದ ನಿವೃತ್ತಳಾಗಿದ್ದೆ. ಇವರು ವ್ಯಾಪಾರ ಸಾಕು ಎಂದು ಗಾಡಿ ಮಾರಲು ಹೊರಟಿದ್ದರು. ಕೊಳ್ಳುವವರು ಬಂದು ನೋಡಿ ಹೋದ ಸಂಜೆ ಚಾ ಕುಡಿಯುತ್ತ, "ಮಾರೂದ್ ಬ್ಯಾಡ, ಇದ್ರಗೇ ಎಲ್ಲಿಗಾರೂ ಹೋಪ," ಎಂದರು. ಬಡಗಿ ಬಂದು ಮಂಚ ಮಾಡಿದ, ಗೋಡೆಗೆ ಮಡಚುವ ಮೇಜು ಹೊಡೆದ. ಒಂದು ಗ್ಯಾಸ್ ಒಲೆ, ನೀಲಿ ನೀರಿನ ಡ್ರಮ್ಮು, ಎರಡು ಪರದೆ. ನಮಗೆ ಮಕ್ಕಳಿಲ್ಲ, ಹಾಗಾಗಿ ನಿಮಗೆ ಹೊರಡುವುದು ಸುಲಭ ಎಂದು ಎಲ್ಲರೂ ಹೇಳಿದರು. ನಾನೂ ಹಾಗೇ ನಂಬಿದ್ದೆ. ನಮ್ಮ ಪ್ರಯಾಣ ಸುಲಭವಾದದ್ದು ಬೇರೆ ಕಾರಣಕ್ಕೆ ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಏಳು ವರ್ಷದ ಕಥೆಯನ್ನು ಇಲ್ಲಿ ಹೇಳುವುದಿಲ್ಲ, ಹೆದರಬೇಡಿ. ರಾಜಸ್ಥಾನದ ಮರಳುಗಾಡಿನಲ್ಲೂ ಎಲ್ಲಿಂದಲೋ ಬೆಕ್ಕುಗಳು ಬಂದು ನಮ್ಮ ಗಾಡಿಯ ಕೆಳಗೆ ಕೂರುತ್ತಿದ್ದವು ಎಂಬುದೊಂದನ್ನು ಮಾತ್ರ ಹೇಳುತ್ತೇನೆ. ಸಮುದ್ರವನ್ನೇ ಕಾಣದ ಬೆಕ್ಕುಗಳಿಗೆ ಅದು ಮೀನಿನ ಗಾಡಿ ಎಂದು ಹೇಗೆ ತಿಳಿಯುತ್ತಿತ್ತೋ. ಕೊನೆಗೆ ಇವರ ಮೊಣಕಾಲು ಕ್ಲಚ್ ಒತ್ತಲು ಒಪ್ಪದೆ ಹೋದಾಗ ಊರಿಗೆ ಮರಳಿದೆವು. ನಾನು ಪುಸ್ತಕ ಬರೆದೆ. ಮೂರು ಪ್ರಕಾಶಕರು ಉತ್ತರ ಕೊಡಲಿಲ್ಲ. ನಾಲ್ಕನೆಯವರು ಬಹಳ ಮರ್ಯಾದೆಯಿಂದ, ಬೆಕ್ಕುಗಳ ಭಾಗ ಚೆನ್ನಾಗಿದೆ ಎಂದು ಬರೆದರು. ನಾವೇ ಅಚ್ಚು ಹಾಕಿಸಿದೆವು.

ಸ್ವಂತ ಪುಸ್ತಕ ಅಚ್ಚು ಹಾಕಿಸಿದವರ ದಿನಚರಿಯೇ ಬೇರೆ. ನಮ್ಮ ಮಂಚದ ಕೆಳಗೆ, ಕಪಾಟಿನ ಮೇಲೆ, ಅಕ್ಕಿ ಡಬ್ಬಿಯ ಪಕ್ಕ ಎಲ್ಲ ಪುಸ್ತಕದ ಕಟ್ಟುಗಳೇ. ಮಳೆಗಾಲದಲ್ಲಿ ಬಿಸಿಲು ಕಂಡ ಕೂಡಲೇ ಬೇರೆಯವರು ಬಟ್ಟೆ ಒಣಗಿಸಿದರೆ ನಾವು ಪುಸ್ತಕ ಹರಡುತ್ತೇವೆ. ಕುಂದಾಪುರದ ಒಂದು ಅಂಗಡಿಯವರು ಅದನ್ನು ಊದುಬತ್ತಿ ಮತ್ತು ಪರೀಕ್ಷೆಯ ಗೈಡುಗಳ ನಡುವೆ ಇಟ್ಟಿದ್ದಾರೆ. ನಾನು ಹೋದಾಗಲೆಲ್ಲ ಗಿರಾಕಿಯಂತೆ ನಿಂತು, ಯಾರೂ ನೋಡದಾಗ ಒಂದು ಪ್ರತಿಯನ್ನು ಮುಂದಕ್ಕೆ ಎಳೆದಿಟ್ಟು ಬರುತ್ತಿದ್ದೆ. ಬೈಂದೂರಿನಿಂದ ಒಬ್ಬರು ಫೋನ್ ಮಾಡಿ ಮುಕ್ಕಾಲು ಗಂಟೆ ಮಾತಾಡಿದರು. ಓದುಗರೊಬ್ಬರು ಸಿಕ್ಕರೆಂದು ನಾನು ಉಬ್ಬಿಹೋದೆ. ಕೊನೆಗೆ ಅವರು ಕೇಳಿದ್ದು ಅಂಥ ಟೆಂಪೋ ಈಗ ಎಲ್ಲಿ ಸಿಗುತ್ತದೆ ಎಂದು.

ಮೊದಲ ಪ್ರತಿಯನ್ನು ನಾನು ಒಯ್ದದ್ದು ಬಸ್ರೂರಿನಲ್ಲಿರುವ ನನ್ನ ಅಕ್ಕನಿಗೆ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಮೂವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟಳು. ಈಗ ಕಣ್ಣಿನ ಆಪರೇಷನ್ ಆದ ಮೇಲೂ ಸಣ್ಣ ಅಕ್ಷರ ಕಾಣುವುದಿಲ್ಲ. ಪುಸ್ತಕವನ್ನು ತಿರುಗಿಸಿ ನೋಡಿ, ಮೂಸಿ, "ಓದ್ ಹೇಳ್ ಹೆಣೆ," ಎಂದಳು; ಈ ವಯಸ್ಸಿನಲ್ಲೂ ಅವಳಿಗೆ ನಾನು ಹೆಣೆ, ಹುಡುಗಿ. ಹಾಗೆ ಪ್ರತಿ ಗುರುವಾರ ನಾನು ಎರಡು ಬಸ್ಸು ಹತ್ತಿ ಬಸ್ರೂರಿಗೆ ಹೋಗಿ ಒಂದೊಂದು ಅಧ್ಯಾಯ ಓದುವುದು ರೂಢಿಯಾಯಿತು. ಅವಳು ಹಿಂದಿನ ಜಗಲಿಯಲ್ಲಿ ಕೂತು ಸಿಗಡಿ ಸುಲಿಯುತ್ತ ಕೇಳುತ್ತಿದ್ದಳು.

ಎರಡನೆಯ ಗುರುವಾರ ನಾವು ಊರು ಬಿಡುವ ಅಧ್ಯಾಯ ಬಂತು. ಓದುತ್ತ ಓದುತ್ತ ಒಂದು ವಿಷಯ ನನ್ನ ಗಮನಕ್ಕೆ ಬಂತು. ಅಕ್ಕನ ಕೈ ನಿಧಾನವಾಗಿತ್ತು. ಅವಳು ಯಾವುದಕ್ಕೋ ಕಾಯುತ್ತಿದ್ದಳು. ಕಣ್ಣು ಕೆಳಗಿನ ಸಾಲುಗಳ ಮೇಲೆ ಓಡಿಸಿದೆ. ಗಾಡಿಯ ಪರದೆಯ ಬಣ್ಣವಿತ್ತು, ಹೊಸ ಟಯರಿನ ವಿಷಯವಿತ್ತು, ಶಿರೂರು ದಾಟುವಾಗ ಎದುರಾದ ಲಾರಿಯೂ ಇತ್ತು. ಅಕ್ಕ ಇರಲಿಲ್ಲ. ಆ ಪುಟದಲ್ಲಿ ಮಾತ್ರವಲ್ಲ, ಇನ್ನೂರು ಪುಟದ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. ಗುಜರಾತಿನಲ್ಲಿ ಪಂಕ್ಚರ್ ಹಾಕಿದವನಿಗೆ ನಾಲ್ಕು ಪುಟ ಕೊಟ್ಟಿದ್ದೆ.

ನಾನು ತಲೆಯೆತ್ತದೆ ಓದಿದೆ: "ಹೊರಡುವ ದಿನ ಅಕ್ಕ ಒಣಸಿಗಡಿ ಚಟ್ನಿ ಮಾಡಿ, ಬಾಟಲಿಗೆ ತುಂಬಿಸಿ, ಬಟ್ಟೆ ಸುತ್ತಿ ಕೊಟ್ಟಳು." ಅದು ನಿಜ, ಆದರೆ ಪುಸ್ತಕದಲ್ಲಿ ಇರಲಿಲ್ಲ. ಅಕ್ಕ ಮತ್ತೆ ಸಿಗಡಿ ಸುಲಿಯತೊಡಗಿದಳು.

ಅಲ್ಲಿಂದ ಮುಂದೆ ನನಗೆ ಅದೇ ಅಭ್ಯಾಸವಾಯಿತು. ಪ್ರತಿ ಅಧ್ಯಾಯದಲ್ಲೂ ಅಕ್ಕನನ್ನು ಒಂದೆರಡು ಕಡೆ ಸೇರಿಸಿ ಓದುತ್ತಿದ್ದೆ. ಮೊದಮೊದಲು ನಿಜವನ್ನೇ ಸೇರಿಸಿದೆ. ನಿಜ ಬೇಗ ಮುಗಿಯಿತು. ಆಮೇಲೆ ಕಚ್ಛಿನಲ್ಲಿ ಅಕ್ಕನ ಕನಸು ಬಿತ್ತು, ಗಂಗೆಯಲ್ಲಿ ಅಕ್ಕನ ಹೆಸರು ಹೇಳಿ ಮುಳುಗು ಹಾಕಿದೆ, ಎಲ್ಲಿಯೋ ಒಬ್ಬ ಮುದುಕಿ ಥೇಟ್ ಅಕ್ಕನಂತೆ ಕಂಡಳು. ಬರೆಯುವಾಗ ಇಷ್ಟು ಸಲೀಸಾಗಿ ನನಗೆ ಒಂದು ಸಾಲೂ ಬಂದಿರಲಿಲ್ಲ. ಅಕ್ಕ ನೆರೆಮನೆಯವರಿಗೆಲ್ಲ, ತಂಗಿಯ ಪುಸ್ತಕದಲ್ಲಿ ತಾನು ಇದ್ದೇನೆ ಎಂದು ಹೇಳಿಕೊಂಡು ಬಂದಳಂತೆ.

ಅವಳ ಸೊಸೆ ಸುಜಾತ ಒಳ್ಳೆಯ ಹುಡುಗಿ, ಓದುವ ಅಭ್ಯಾಸವಿರುವವಳು. ನೆರೆಮನೆಯವರು ಅತ್ತೆಯ ಭಾಗ ತೋರಿಸು ಎಂದಾಗ ಪುಸ್ತಕ ತೆಗೆದು ಮೊದಲಿನಿಂದ ಕೊನೆಯವರೆಗೆ ಹುಡುಕಿದಳು. ಮುಂದಿನ ಗುರುವಾರ ನಾನು ಹೋದಾಗ ಸುಜಾತ ಚಾ ಕೊಟ್ಟು, ನನ್ನ ಮುಖ ನೋಡದೆ ಒಳಗೆ ಹೋದಳು. ಅಕ್ಕ ಪುಸ್ತಕವನ್ನು ನನ್ನ ಮುಂದೆ ಇಟ್ಟಳು.

"ಇದ್ರಗೆ ನಾನ್ ಎಲ್ಲಿದ್ದೆ, ತೋರ್ಸ್."

ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಹೋಮ್‌ವರ್ಕ್ ಮಾಡದ ಮಗುವಿನಂತೆ ಕೂತೆ. ಕೊನೆಗೆ, ಇಲ್ಲ ಅಕ್ಕ, ಬರೆಯುವಾಗ ನೆನಪಾಗಲಿಲ್ಲ ಎಂದೆ. ಅವಳು ಬಯ್ಯಲಿಲ್ಲ. ಸಿಗಡಿಯ ಪಾತ್ರೆ ಹತ್ತಿರಕ್ಕೆ ಎಳೆದುಕೊಂಡಳು.

ಈಗ ನಿಮಗೆ ನಮ್ಮ ಅಮ್ಮನ ವಿಷಯ ಹೇಳಬೇಕು. ನಾವು ಹೊರಟ ಮರುವರ್ಷ ಅಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಆರು ವರ್ಷ ಅಕ್ಕನ ಮನೆಯಲ್ಲೇ ಮಲಗಿದ್ದರು. ನಾನು ಎರಡು ಸಲ ಬಂದು ನೋಡಿ ಹೋದೆ. ಫೋನಿನಲ್ಲಿ ಅಮ್ಮನಿಗೆ ಕಿವಿ ಕೇಳುತ್ತಿರಲಿಲ್ಲ. ಅಕ್ಕ ಯಾವಾಗಲೂ "ಎಲ್ಲಾ ಸಮ ಇತ್ತ್," ಎಂದು ಫೋನ್ ಇಡುತ್ತಿದ್ದಳು. ನಾನು ಆ ಮಾತನ್ನು ಅಕ್ಷರಶಃ ನಂಬಿಕೊಂಡು ಮುಂದಿನ ಊರಿಗೆ ಹೋಗುತ್ತಿದ್ದೆ. ಅಮ್ಮ ತೀರಿಕೊಂಡಾಗ ನಾವು ಫೋನಿಗೆ ಸಿಗ್ನಲ್ ಇಲ್ಲದ ಹಿಮಾಲಯದ ಕಣಿವೆಯೊಂದರಲ್ಲಿದ್ದೆವು. ಸುದ್ದಿ ಮುಟ್ಟಿದ್ದು ಎರಡು ದಿನ ಬಿಟ್ಟು. ಗಾಡಿಯನ್ನು ಅಲ್ಲೇ ಬಿಟ್ಟು, ಬಸ್ಸು, ರೈಲು ಹಿಡಿದು ಬಂದು ಮುಟ್ಟುವಾಗ ಎಲ್ಲ ಮುಗಿದಿತ್ತು.

ಸಿಗಡಿ ಸುಲಿಯುತ್ತಲೇ ಅಕ್ಕ ಹೇಳಿದಳು. ಅಮ್ಮ ದಿನಾ ಸಂಜೆ, ಅದು ಎಲ್ಲಿಗೆ ಮುಟ್ಟಿತು ಎಂದು ನನ್ನ ಬಗ್ಗೆ ಅವಳನ್ನು ಕೇಳುತ್ತಿದ್ದರಂತೆ. ನನ್ನ ಫೋನ್ ಬರುತ್ತಿದ್ದದ್ದು ಹದಿನೈದು ದಿನಕ್ಕೊಮ್ಮೆ. ಉಳಿದ ದಿನಗಳಿಗೆ ಅಕ್ಕನೇ ಊರು ಹುಟ್ಟಿಸಿಕೊಂಡು ಹೇಳಿದಳು. ಇವತ್ತು ದೊಡ್ಡ ಹೊಳೆ ದಾಟಿದರಂತೆ, ಇವತ್ತು ದೇವಸ್ಥಾನಕ್ಕೆ ಹೋಗಿ ನಿನ್ನ ಹೆಸರಿನಲ್ಲಿ ಪೂಜೆ ಮಾಡಿಸಿದರಂತೆ, ಇವತ್ತು ಮೀನು ಸಿಗದೆ ಬರೀ ತಿಳಿಸಾರು ಉಂಡರಂತೆ. ಮೀನು ಸಿಗಲಿಲ್ಲ ಎಂದರೆ ಅಮ್ಮ ಬೇಜಾರು ಮಾಡಿಕೊಳ್ಳುತ್ತಿದ್ದರು. ಹಾಗಾಗಿ ಮರುದಿನ ಎಲ್ಲಿಯಾದರೂ ಮೀನು ಸಿಗಬೇಕಾಗುತ್ತಿತ್ತು.

ಕೊನೆಯ ದಿನ ಬೆಳಿಗ್ಗೆಯೇ ಅಮ್ಮನ ಉಸಿರು ಏರುತ್ತಿತ್ತು. ನನಗೆ ಫೋನ್ ಹೋಗಲಿಲ್ಲ. ಅಮ್ಮ ಕೇಳಿದಾಗ ಅಕ್ಕ, ಹೊರಟಿದ್ದಾರೆ, ಶಿರೂರು ದಾಟಿತು ಎಂದಳು. ಮಧ್ಯಾಹ್ನ ಕೇಳಿದಾಗ ಇನ್ನೂ ಹತ್ತಿರದ ಬೈಂದೂರು ಎಂದಳು. ಅಷ್ಟು ಹೊತ್ತು ಬೇಕೇ ಎಂದು ಅಮ್ಮನಿಗೆ ಸಂಶಯ ಬಂದದ್ದಕ್ಕೆ, ಟಯರ್ ಪಂಕ್ಚರ್ ಆಯಿತಂತೆ ಎಂದಳು. ಇಲ್ಲಿಗೆ ಬಂದಾಗ ಅವಳ ಕೈ ನಿಂತಿತು.

"ದೀಪ ಹಚ್ಚು ಹೊತ್ತಿಗೆ ಹೆಮ್ಮಾಡಿ ಮುಟ್ತ್ ಅಮ್ಮ ಅಂದೆ. ಹಾಂಗಾರೆ ಅವ್ರಿಬ್ರಿಗೆ ಅಕ್ಕಿ ಹಾಕ್ ಅಂತು. ಸುಳ್ಳ್ ಅಂತ್ ನಂಗೆ ಗೊತ್ತಿತ್ತಲೆ, ಆದ್ರೂ ಎದ್ದ್ ಹೋಯಿ ಅಕ್ಕಿ ತೊಳ್ದೆ. ಒಲಿ ಮೇಲೆ ಇಟ್ಟ್ ಬಪ್ಪು ಹೊತ್ತಿಗೆ ಅಮ್ಮ ಇಲ್ಲೆ."

ಒಳಗೆ ಸುಜಾತ ಪಾತ್ರೆ ತೊಳೆಯುವ ಸದ್ದು ನಿಂತಿತ್ತು. ಆರು ವರ್ಷದಲ್ಲಿ ಎರಡೇ ಸಲ ಬಂದಿದ್ದರೂ ಆ ಮನೆಗೆ ನಾನು ದಿನಾ ಸಂಜೆ ಬಂದಿದ್ದೆ. ಹಾಗೆ ನನ್ನನ್ನು ಕರೆತಂದವಳಿಗೆ ನಾನು ಒಂದು ಸಾಲೂ ಕೊಟ್ಟಿರಲಿಲ್ಲ.

ಅಕ್ಕ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು, "ಈಗಳ್ ಓದ್. ಅಮ್ಮ ಹೋದ್ದ್ ಬರ್ದಿದ್ಯಲೆ, ಅದನ್ನ್ ಓದ್. ಇಪ್ಪುದನ್ನೇ ಓದ್," ಎಂದಳು.

ಓದಿದೆ. ಇದ್ದದ್ದನ್ನೇ ಓದಿದೆ. ಅಮ್ಮ ತೀರಿಕೊಂಡ ಸುದ್ದಿ ಕಣಿವೆಯಲ್ಲಿ ಸಿಕ್ಕಿತು ಎಂದು ಒಂದು ವಾಕ್ಯ. ಅದರ ಹಿಂದೆಯೇ, ಆ ಸಂಜೆ ಬೆಟ್ಟಗಳು ಮೊದಲು ಕೇಸರಿಯಾಗಿ, ಆಮೇಲೆ ನೇರಳೆಯಾಗಿ, ಕೊನೆಗೆ ಬೂದಿಯಾದವು ಎಂದು ಒಂದು ಪುಟ. ಬರೆದಾಗ ನನಗೆ ಬಹಳ ಹೆಮ್ಮೆಯಿದ್ದ ಪುಟ. ಅಕ್ಕ ಪೂರ್ತಿ ಕೇಳಿದಳು.

"ಹೌದಾ, ಗುಡ್ಡಿ ಹಾಂಗೇ ಇತ್ತಾ?"

ಗೊತ್ತಿಲ್ಲ ಅಕ್ಕ, ಆ ದಿನ ನನಗೆ ಏನೂ ಕಾಣಲಿಲ್ಲ ಎಂದೆ.

"ಹಾಂಗಾರೆ ಅದನ್ನ್ ಬರೀಕಾಗಿತ್ತ್," ಎಂದಳು ಅಕ್ಕ.

ಇಷ್ಟು ವರ್ಷದಲ್ಲಿ ನನ್ನ ಬರವಣಿಗೆಯ ಬಗ್ಗೆ ಯಾರೂ ಅಷ್ಟು ಸರಿಯಾದ ಮಾತು ಹೇಳಿರಲಿಲ್ಲ. ಆಮೇಲೆ ಅವಳು ಊಟ ಮಾಡಿಸದೆ ಕಳಿಸಲಿಲ್ಲ. ಸಿಗಡಿ ಸುಕ್ಕ ಬಡಿಸುವಾಗ ಮಾತ್ರ, ಕಚ್ಛಿನ ಕನಸಿನ ಭಾಗ ಚೆನ್ನಾಗಿತ್ತು ಎಂದಳು. ಇಬ್ಬರೂ ನಕ್ಕೆವು. ನಗುವಾಗ ಅವಳ ಕಣ್ಣು ಒದ್ದೆಯಾಯಿತೋ ನನ್ನದೋ, ಸರಿಯಾಗಿ ಹೇಳಲಾರೆ.

ಇದೆಲ್ಲ ಆಗಿ ಎರಡು ತಿಂಗಳಾಯಿತು. ಅಂಗಡಿಗಳಿಗೆ ಹೋಗಿ ಪುಸ್ತಕವನ್ನು ಮುಂದಕ್ಕೆ ಎಳೆದಿಡುವುದನ್ನು ಬಿಟ್ಟಿದ್ದೇನೆ. ಗುರುವಾರ ಹೋಗುವುದನ್ನು ಬಿಟ್ಟಿಲ್ಲ. ಈಗ ಅಕ್ಕ ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಅಮ್ಮನಿಗಾಗಿ ಅವಳು ಹುಟ್ಟಿಸಿದ ಊರುಗಳು ನಾನು ನಿಜವಾಗಿ ನೋಡಿದವುಗಳಿಗಿಂತ ಹೆಚ್ಚಿವೆ.

ಇದನ್ನು ಇವತ್ತು ಬೆಳಿಗ್ಗೆ ಬಿಸಿಲಿನಲ್ಲಿ ಕೂತು ಬರೆದು ಮುಗಿಸಿ ನಮ್ಮವರ ಕೈಗೆ ಕೊಟ್ಟೆ. ಓದಿ ಎರಡು ಕಾಗುಣಿತ ತಿದ್ದಿದರು. ಆಮೇಲೆ, ಬರೀ ಅಕ್ಕ ಅಕ್ಕ ಎಂದು ಬರೆದಿದ್ದೀಯಲ್ಲ, ಅವಳಿಗೊಂದು ಹೆಸರಿಲ್ಲವೇ ಎಂದು ಕೇಳಿದರು.

ಇದೆ. ನನ್ನ ಅಕ್ಕನ ಹೆಸರು ಗುಲಾಬಿ. ಇವತ್ತು ಗುರುವಾರ; ಬಸ್ಸಿಗೆ ಹೊತ್ತಾಯಿತು.