ಸುಂಕಲಮ್ಮನಿಗೆ ಬಿಡಿಸಲಾಗದ ಪದ

ಶಿಕಾರಿಪುರದ ಪಕ್ಕದ ಊರಿನ ಸುಂಕಲಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ, ನಿಜ. ಆದರೆ ಹೆಂಗಸರ ಪದ ಕೇಳಿ ಹಾಡಿದವಳ ಹೊಟ್ಟೆಯೊಳಗಿನ ಸಂಕಟ ಹೇಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಕಳೆ ಕೀಳುವಾಗ ಹುಚ್ಚಮ್ಮ ಸತ್ತ ಅಕ್ಕನ ಪದ ಎತ್ತಿದರೆ, “ಅಕ್ಕನ ನೆನಪಲ್ಲ ಕಣ್ರೇ ಇದು, ಗಂಡನ ಮ್ಯಾಲಿನ ಸಿಟ್ಟು” ಎಂದು ಗದ್ದೆಯ ಬದುವಿನಲ್ಲೇ ತೀರ್ಪು ಕೊಡುವಳು. ಹುಚ್ಚಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಳುವಳು. ತೀರ್ಪು ಸರಿ ಅನ್ನಲು ಇನ್ನೇನು ಬೇಕು?

ಇಂಥವಳಿಗೆ ಸ್ವಂತ ಸೊಸೆಯ ಪದವೇ ಬಗೆಹರಿಯಲಿಲ್ಲ. ನಯಾಪೈಸೆ ಬಂದ ಮರುವರ್ಷದ ಮಾತು. ಸುಂಕಲಮ್ಮನ ಬಲರಟ್ಟೆ ಬಿದ್ದು, ಬೀಸುಕಲ್ಲಿನ ಗೂಟ ಹಿಡಿಯಲು ಆಗುತ್ತಿರಲಿಲ್ಲ. ಸೊರಬದ ಕಡೆಯ ಉಳವಿಯಿಂದ ಬಂದ ಸೊಸೆ ಹೂವಮ್ಮ ಒಬ್ಬಳೇ ನಸುಕಿನಲ್ಲಿ ರಾಗಿ ಬೀಸುತ್ತಿದ್ದಳು. ಹಗಲೆಲ್ಲ ಬಾಯಿಗೆ ಬೀಗ. ಕಲ್ಲಿನ ಮುಂದೆ ಕೂತರೆ ಮಾತ್ರ ದಿನವೂ ಅದೇ ಸೊಲ್ಲು:

“ಹೊಳೆದಂಡೆ ಮ್ಯಾಲೆ ನಿಂತು ಕೂಗಿ ಕೂಗಿ ದಣಿದೇನ
ಆಚೆ ದಂಡೇಲಿ ಓ ಎಂಬೋರಿಲ್ಲ.”

ಗೋಡೆಯಾಚೆ ಮಲಗಿದ್ದ ಸುಂಕಲಮ್ಮ ಕಿವಿ ನಿಮಿರಿಸಿದಳು. ಆಚೆ ದಂಡೆ ಅಂದರೆ ತವರು, ಅದರಲ್ಲೇನು! ಹುಡುಗಿ ಈ ಮನೆಯಲ್ಲಿ ನಿಲ್ಲುವವಳಲ್ಲ ಎಂದು ಎದೆ ಧಸಕ್ಕೆಂದಿತು. ಹೆಣ್ಣುಮಕ್ಕಳಿಲ್ಲದ ಅವಳಿಗೆ ಸೊಸೆ ಎಂದರೆ ಜೀವ. ಆದರೂ ಮನಸ್ಸು ಗಟ್ಟಿಮಾಡಿ ತವರಿನ ಬಸ್ಸು ಹತ್ತಿಸಿದಳು. ಹದಿನೈದು ದಿನಕ್ಕೆಂದು ಹೋದ ಹೂವಮ್ಮ ಐದೇ ದಿನಕ್ಕೆ ತಿರುಗಿ ಬಂದು, ಮಾರನೆಯ ನಸುಕಿಗೆ ಮತ್ತೆ ಅದನ್ನೇ ಎತ್ತಿದಳು.

ಹಾಗಾದರೆ ಮಗುವಿನ ಹಂಬಲ ಎಂದು ಹರಕೆ ಕಟ್ಟಿಸಿದಳು. ಪದ ಬದಲಾಗಲಿಲ್ಲ. ಹಾಗಾದರೆ ಮಗನದೇ ತಪ್ಪು! “ಏನ್ಲೇ ಉಚ್ಚಂಗಪ್ಪ, ಹೆಂಡ್ತಿ ಕೂಡ ನಾಕ್ ಮಾತಾಡಕ್ಕೆ ನಿಂಗೇನ್ ದಾಡಿ?” ಎಂದು ಉಣ್ಣುವಾಗಲೇ ಝಾಡಿಸಿದಳು. ಪಾಪ, ಅವನು ಮುದ್ದೆ ಕೈಯಲ್ಲಿ ಹಿಡಿದು ಕಣ್ಣು ಕಣ್ಣು ಬಿಟ್ಟ.

ಕಲ್ಲಿನ ಮುಂದೆ ಹಾಡಿದ್ದನ್ನು ಊಹಿಸಬಹುದು, ಹಾಡಿದವಳನ್ನು ಕೇಳಬಾರದು. ಅದು ಆ ಹೆಂಗಸರ ಕಟ್ಟಳೆ. ಆದರೆ ಸೊಸೆಯೇ ಕೈತಪ್ಪುವಂತಿದ್ದರೆ ಕಟ್ಟಳೆ ಯಾರಿಗೆ ಬೇಕು? ಒಂದು ನಸುಕಿನಲ್ಲಿ ಸುಂಕಲಮ್ಮ ಎದ್ದು ಹೋಗಿ ಕೇಳಿಯೇಬಿಟ್ಟಳು.

“ನಮ್ಮನೇಲಿ ಇರ್ತೀಯೋ ಇಲ್ಲೋ ಹೇಳಿಬಿಡು ತಾಯಿ. ಆಚೆ ದಂಡ್ಯಾಗೆ ಯಾರದಾರೆ?”

ಹೂವಮ್ಮ ಕಲ್ಲು ನಿಲ್ಲಿಸಿದಳು. “ಎಂಥ ಅತ್ತೆ, ನಾ ಎಲ್ಲಿಗೆ ಹೋಗ್ಲಿ? ಕಲ್ಲಿನ ಆಚೆಗೆ ನೀವು ಕೂರ್ತಿದ್ರಿ. ನಾ ಒಂದು ಸೊಲ್ಲು ಅಂದ್ರೆ ನೀವು ಇನ್ನೊಂದು ಅಂತಿದ್ರಿ. ಈಗ ಯಾರೂ ಅನ್ನಲ್ಲ. ರಟ್ಟೆ ಬಿದ್ರೆ ಬಿತ್ತು, ಬಾಯಿಗೆ ಎಂಥ ಆಗಿತ್ತು ನಿಮಗೆ?”

ಬೀಸದವರು ಬೀಸುವ ಪದ ಹಾಡಬಾರದೆಂದು ಸುಂಕಲಮ್ಮನಿಗೆ ಅವಳ ತಾಯಿ ಹೇಳಿಕೊಟ್ಟಿದ್ದಳು. ಆ ಮಾತಿಗೆ ಕಟ್ಟುಬಿದ್ದು, ಹಾಡುವ ಆಸೆಯನ್ನು ನುಂಗಿಕೊಂಡು, ಒಂದು ವರ್ಷ ಗೋಡೆಗೆ ಕಿವಿ ಆನಿಸಿ ಮಲಗಿದ್ದಳು. ಆ ಹುಡುಗಿ ದಿನಾ ಕೂಗುತ್ತಿದ್ದದ್ದು ತನ್ನನ್ನೇ! ನಾಚಿಕೆಯೂ ಆಯಿತು, ಅಳುವೂ ಬಂತು.

“ಥೂ, ನನ್ನ ಬುದ್ಧಿಗಿಷ್ಟು!” ಎಂದು ಎದುರಿಗೆ ಕೂತು, ನೋಯುವ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಒಡೆದ ದನಿಯಲ್ಲೇ ಮುಂದಿನ ಸೊಲ್ಲು ಹಿಡಿದಳು. ಉಚ್ಚಂಗಪ್ಪ ಎದ್ದು ಬಂದು ನೋಡುವಾಗ ಮೂರು ದಿನಕ್ಕಾಗುವಷ್ಟು ರಾಗಿ ಹಿಟ್ಟಾಗಿತ್ತು. ಇಬ್ಬರೂ ಇನ್ನೂ ಕಲ್ಲು ಬಿಟ್ಟು ಎದ್ದಿರಲಿಲ್ಲ.